ಒಂದು ಮೀನು ಹೆಚ್ಚಾದ್ರ ಏನಾತು?

ಕಳೆದ ವರ್ಷ ಮೇ ತಿಂಗಳಲ್ಲಿ ದೇವದುರ್ಗದಲ್ಲಿ ನಮ್ಮ ಕಾಕಾನ ಮಗನ ಮದುವೆ ಇತ್ತು. ರಾಯಚೂರಿನ ಮನೆಗೆ ಬೀಗ ಹಾಕಿ ಎರಡು ದಿನ ಹೋಗಿದ್ವಿ. ಮೊದಲ ದಿನ ರಾತ್ರಿ ಇಲ್ಲಿ ಜೋರು ಗಾಳಿ-ಮಳೆ ಆಗಿ, ನಮ್ಮ ಓಣಿಯ ಬೇವಿನ ಮರ ತಂತಿ ಮೇಲೆ ಬಿದ್ದು, ಹೋದ ಕರೆಂಟು ಮಾರನೇ ದಿನ ಸಂಜೆ ಬಂತಂತೆ. ನಾವು ವಾಪಸ್ ಬಂದು ಬಾಗಿಲು ತೆಗೆದಾಗ ಮೊದಲು ಬಂದದ್ದು ವಾಸನೆ. ಹಾಲ್‌ನಲ್ಲಿದ್ದ ಅಕ್ವೇರಿಯಂನಲ್ಲಿ 26 ಮೀನಿದ್ದವು. ಅದರಲ್ಲಿ 17 ಸತ್ತಿದ್ದವು.

ಏಳು ವರ್ಷದ ಮಗಳು ಚಪ್ಪಲಿ ಕೂಡ ಬಿಚ್ಚದೆ ಗಾಜಿನ ಮುಂದೆ ನಿಂತು ಕೇಳಿದಳು: "ಅಪ್ಪಾ, ಯಾಕ ಸತ್ವು?"

"ಕರೆಂಟ್ ಹೋಗಿತ್ತವ್ವ" ಅಂದೆ.

ಅವಳು ಒಪ್ಪಿಕೊಂಡಳು. ನಾನು ಒಪ್ಪಿಕೊಳ್ಳಲಿಕ್ಕೆ ಆಗಲಿಲ್ಲ. ಹಾಗೆ ನೋಡಿದರೆ ಮನೆಯಲ್ಲಿ ಇನ್ವರ್ಟರ್ ಇತ್ತು, ಅವತ್ತೂ ಅದರ ಪಾಡಿಗೆ ಅದು ಓಡಿತ್ತು. ಅದಕ್ಕೆ ಫ್ಯಾನು, ಟಿವಿ, ವೈಫೈ ಎಲ್ಲ ಜೋಡಿಸಿಕೊಂಡಿದ್ವಿ. ಮೀನಿನ ಪಂಪ್ ಒಂದನ್ನು ಮಾತ್ರ ಜೋಡಿಸಿರಲಿಲ್ಲ. ಯಾರೂ ಇಲ್ಲದ ಮನೆಯಲ್ಲಿ ವೈಫೈಗೆ ಒಂದು ನಿಮಿಷವೂ ಕರೆಂಟ್ ತಪ್ಪಿರಲಿಲ್ಲ. ಆದರೆ ನನ್ನನ್ನು ಕಾಡಿದ್ದು ಇನ್ವರ್ಟರ್ ವಿಷಯ ಅಷ್ಟೇ ಅಲ್ಲ. ಅದೇ ರಾತ್ರಿ ಅದೇ ಓಣಿಯಲ್ಲಿ, ನಾಲ್ಕು ಮನೆ ಆಚೆ, ಇದೇ ಅಳತೆಯ ಇನ್ನೊಂದು ಟ್ಯಾಂಕಿತ್ತು. ಅದಕ್ಕೂ ಕರೆಂಟ್ ಹೋಗಿತ್ತು. ಅದರಲ್ಲಿ ಆರು ಮೀನಿದ್ದವು. ಆರೂ ಬದುಕಿದ್ದವು.

ಹಾಗಾದರೆ ಸಾವಿಗೆ ಕಾರಣ ಕರೆಂಟೋ, ನಾನೋ?

26 ಮೀನು ಒಂದೇ ದಿನ ಬಂದದ್ದಲ್ಲ. ನಮ್ಮದು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕ್. ಲೆಕ್ಕದ ಪ್ರಕಾರ 56 ಲೀಟರ್. ಕೆಳಗಿನ ಕಲ್ಲು, ಮೇಲೆ ಬಿಡೋ ಜಾಗ ಕಳೆದರೆ ನಿಜವಾದ ನೀರು ಸುಮಾರು 45 ಲೀಟರ್. ಮೊದಲು ಎರಡು ಗೋಲ್ಡ್ ಫಿಶ್ ತಂದೆ. ಮಗಳ ಹುಟ್ಟುಹಬ್ಬಕ್ಕೆ ಎರಡು ಏಂಜಲ್. ಯೂನಿಟ್ ಟೆಸ್ಟಲ್ಲಿ ಒಳ್ಳೆ ಮಾರ್ಕ್ಸ್ ಬಂದಾಗ ನಾಲ್ಕು ಟೈಗರ್ ಬಾರ್ಬ್. ನನಗೆ ಆಫೀಸಲ್ಲಿ ಬೇಜಾರಾದ ಒಂದು ಶನಿವಾರ ಐದು ನಿಯಾನ್ ಟೆಟ್ರಾ. ಹಿಂಗೇ ಮೋಲಿ, ಗಪ್ಪಿ, ಗೌರಾಮಿ. ಗಾಜು ಪಾಚಿಗಟ್ಟಿದಾಗ, "ಕ್ಲೀನ್ ಮಾಡ್ತದ" ಅಂತ ಒಂದು ಸಕ್ಕರ್ ಮೀನು. ಅಂದರೆ ಮೀನು ಹೆಚ್ಚಾಗಿ ಹುಟ್ಟಿದ ಹೊಲಸನ್ನು ತೆಗೆಯಲಿಕ್ಕೆ ಇನ್ನೊಂದು ಮೀನು! ಅದು ತಿಂದದ್ದಕ್ಕಿಂತ ಜಾಸ್ತಿ ಹೊಲಸು ಮಾಡುತ್ತೆ ಅಂತ ಆಮೇಲೆ ತಿಳೀತು.

ಅಂಗಡಿಯವರದ್ದು ತಪ್ಪು ಅಂತ ಹೇಳಲಾರೆ. ಒಮ್ಮೆ ಅವರು ಕೇಳಿದ್ದರು, "ಟ್ಯಾಂಕ್ ಎಷ್ಟು ಅಡಿದು ಸರ್?" ಅಂತ. ನಾನು "ಮೂರಡಿ" ಅಂದಿದ್ದೆ. ಯಾಕೆ ಸುಳ್ಳು ಹೇಳಿದೆ? ನಿಜ ಹೇಳಿದರೆ ಬೇಡ ಅಂದುಬಿಡ್ತಾರೇನೋ ಅನ್ನೋ ಭಯ. ಅಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದ ತಪ್ಪಿಗೂ, ಗೊತ್ತಾಗದ ಹಾಗೆ ನೋಡಿಕೊಂಡು ಮಾಡಿದ ತಪ್ಪಿಗೂ ವ್ಯತ್ಯಾಸ ಇದೆಯಲ್ಲ, ನನ್ನದು ಎರಡನೇದು.

ಪ್ರತಿ ಸಲ ಮನಸ್ಸಲ್ಲಿ ಒಂದೇ ಮಾತು: "ಒಂದು ಹೆಚ್ಚಾದ್ರ ಏನಾತು?" ಮತ್ತೆ ನಿಜ ಹೇಳಬೇಕು ಅಂದರೆ, ಒಂದು ಹೆಚ್ಚಾದರೆ ಏನೂ ಆಗೋದಿಲ್ಲ. ಹಳೆಯ ಗ್ರೀಕರಲ್ಲಿ ರಾಶಿಯ ಒಗಟು ಅಂತ ಒಂದಿದೆ. ಒಂದು ಕಾಳು ರಾಶಿ ಅಲ್ಲ, ಎರಡು ಕಾಳೂ ಅಲ್ಲ. ಒಂದು ಕಾಳು ಸೇರಿಸಿದ ಮಾತ್ರಕ್ಕೆ ರಾಶಿ ಅಲ್ಲದ್ದು ರಾಶಿ ಆಗಲ್ಲ. ಹಾಗಾದರೆ ರಾಶಿ ಆದದ್ದು ಯಾವಾಗ? ನಮ್ಮ ಕಡೆ ಕಣದಲ್ಲಿ ಜೋಳದ ರಾಶಿ ಮಾಡೋರಿಗೆ ಈ ಪ್ರಶ್ನೆ ಬಿದ್ದಂಗಿಲ್ಲ. ಆದರೆ ಟ್ಯಾಂಕಿಗೆ ಮೀನು ಬಿಡೋರಿಗೆ ಬೀಳಲೇಬೇಕು. ಯಾಕಂದರೆ ಇಲ್ಲಿ ಪ್ರತಿ ಮೀನೂ ನಿರಪರಾಧಿ, ಪ್ರತಿ ಶನಿವಾರವೂ ನಿರಪರಾಧಿ. ಬಿಡಿಬಿಡಿಯಾಗಿ ನೋಡಿದರೆ ನಾನು ಎಲ್ಲೂ ತಪ್ಪು ಮಾಡಿಲ್ಲ. ಕೂಡಿಸಿ ನೋಡಿದರೆ 17 ಹೆಣ.

ಟ್ಯಾಂಕ್ ತುಂಬಿದೆ ಅನ್ನೋದು ಕಣ್ಣಿಗೆ ಕಾಣೋದಿಲ್ಲ, ಅದೇ ಇದರ ಮೋಸ. ಬಸ್ಸಾದರೆ ಸೀಟು ಭರ್ತಿ ಆದದ್ದು ಕಾಣುತ್ತೆ. ಅಕ್ವೇರಿಯಂನಲ್ಲಿ 26 ಮೀನು ಓಡಾಡುತ್ತಿದ್ದರೂ ನಡುವೆ ಬೇಕಾದಷ್ಟು ಜಾಗ ಇದ್ದಂಗೇ ಕಾಣುತ್ತೆ. ಆದರೆ ಮೀನಿಗೆ ಬೇಕಾಗಿರೋದು ಜಾಗ ಅಷ್ಟೇ ಅಲ್ಲ. ಮೀನು ಉಸಿರಾಡೋ ನೀರಲ್ಲೇ ಅದರ ಮಲಮೂತ್ರವೂ ಸೇರೋದು. ಅದರಿಂದ ಅಮೋನಿಯಾ ಹುಟ್ಟುತ್ತೆ, ಅದು ವಿಷ. ಫಿಲ್ಟರಿನ ಸ್ಪಂಜಲ್ಲಿ, ಕಲ್ಲಿನ ಮೇಲೆ ಬೆಳೆಯೋ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡುತ್ತವೆ, ಅದೂ ವಿಷವೇ. ಇನ್ನೊಂದು ಬಗೆಯವು ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಅಷ್ಟು ಕೆಟ್ಟದ್ದಲ್ಲ, ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿದರೆ ಹೋಗುತ್ತೆ. ಹೊಸ ಟ್ಯಾಂಕಲ್ಲಿ ಈ ಬ್ಯಾಕ್ಟೀರಿಯಾಗಳ ಸಂಸಾರ ನೆಲೆಯೂರಲಿಕ್ಕೆ ನಾಲ್ಕರಿಂದ ಆರು ವಾರ ಬೇಕು. ಎಷ್ಟು ಹೊಲಸು ಸಿಗುತ್ತೋ ಅಷ್ಟೇ ಸಂಖ್ಯೆಯಲ್ಲಿ ಅವು ಇರುತ್ತವೆ. ಒಂದೇ ಸಲ ಹತ್ತು ಮೀನು ಬಿಟ್ಟರೆ ಅವುಗಳ ಕೈಯಲ್ಲಿ ಆಗೋಲ್ಲ. ಮತ್ತೆ ಈ ಕೆಲಸ ಮಾಡಲಿಕ್ಕೆ ಅವಕ್ಕೂ ಆಮ್ಲಜನಕ ಬೇಕು.

ಆಮ್ಲಜನಕದ ಲೆಕ್ಕವನ್ನಂತೂ ರಾಯಚೂರಿನವರು ಬಾಯಿಪಾಠ ಮಾಡಬೇಕು. 20 ಡಿಗ್ರಿ ನೀರಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಹುದು. 35 ಡಿಗ್ರಿಗೆ ಅದು 7ಕ್ಕೆ ಇಳಿಯುತ್ತೆ. ನಮ್ಮ ಮೇ ತಿಂಗಳ ಮಧ್ಯಾಹ್ನ, ಹೊರಗೆ 42 ಇದ್ದಾಗ, ಮುಚ್ಚಿದ ಮನೆಯ ಟ್ಯಾಂಕ್ ನೀರು 35ರ ಹತ್ತಿರ ಹೋಗೋದು ದೊಡ್ಡ ಮಾತಲ್ಲ. ನೀರು ಬಿಸಿಯಾದಷ್ಟೂ ಮೀನಿನ ಮೈ ಜೋರಾಗಿ ಓಡುತ್ತೆ, ಅದಕ್ಕೆ ಉಸಿರು ಜಾಸ್ತಿ ಬೇಕು. ಅಮೋನಿಯಾದ ವಿಷವೂ ಬಿಸಿಯಲ್ಲಿ ಏರುತ್ತೆ. ಎಲ್ಲ ಒಟ್ಟಿಗೆ, ಒಂದೇ ಮಧ್ಯಾಹ್ನ.

ಇಷ್ಟು ನೀರಿಗೆ ಎಷ್ಟು ಮೀನು ಅಂತ ಒಂದು ಹಳೆಯ ಲೆಕ್ಕ ಇದೆ: ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ನೀರಿಗೆ ಒಂದು ಇಂಚು ಮೀನು. ನನ್ನ 45 ಲೀಟರಿಗೆ 12 ಇಂಚು. ನನ್ನ ಹತ್ತಿರ ಇದ್ದದ್ದು ಸುಮಾರು 50 ಇಂಚು. ಹಾಗಂತ ಈ ಲೆಕ್ಕವನ್ನೂ ಪೂರ್ತಿ ನಂಬಬೇಡಿ. ಹತ್ತು ಇಂಚಿನ ಒಂದು ಮೀನು, ಒಂದಿಂಚಿನ ಹತ್ತು ಮೀನಿಗೆ ಸಮ ಅಲ್ಲ. ಉದ್ದ ಹತ್ತು ಪಟ್ಟಾದರೆ ಅಗಲ, ದಪ್ಪ ಕೂಡ ಹತ್ತು ಪಟ್ಟಾಗಿ ಮೈ ಸಾವಿರ ಪಟ್ಟಾಗುತ್ತೆ. ಸಣ್ಣ ಮೀನಿಗೆ ಮಾತ್ರ ಅನ್ವಯಿಸೋ ಮಾತು ಅದು, ಅದೂ ಅಂಗಡಿಯಲ್ಲಿ ಕಂಡ ಅಳತೆಗಲ್ಲ, ಪೂರ್ತಿ ಬೆಳೆದ ಮೇಲಿನ ಅಳತೆಗೆ. ಬೆರಳುದ್ದದ ಸಕ್ಕರ್ ಮೀನು ಒಂದೂವರೆ ಅಡಿ ತನಕ ಬೆಳೆಯುತ್ತೆ.

ನನ್ನ ಟ್ಯಾಂಕಲ್ಲಿ ಇನ್ನೊಂದು ವಿಚಿತ್ರ ಇತ್ತು. ಅಷ್ಟು ಗದ್ದಲದ ನಡುವೆಯೂ ಕೆಲವು ಮೀನು ಒಂಟಿಯಾಗಿದ್ದವು. ಟೆಟ್ರಾ, ಬಾರ್ಬ್ ಇವೆಲ್ಲ ಗುಂಪಲ್ಲಿ ಬದುಕೋವು, ಕನಿಷ್ಠ ಆರಾದರೂ ಬೇಕು. ನಾನು ಎಲ್ಲ ಬಣ್ಣವೂ ಇರಲಿ ಅಂತ ಎರಡು ಇದು, ನಾಲ್ಕು ಅದು ತಂದಿದ್ದೆ. ಗುಂಪು ಸಾಲದ ಟೈಗರ್ ಬಾರ್ಬ್‌ಗಳು ಏಂಜಲ್ ಮೀನಿನ ರೆಕ್ಕೆ ಕಚ್ಚುತ್ತಿದ್ದವು. ಜಾತ್ರೆಯಲ್ಲಿ ತನ್ನವರು ಯಾರೂ ಇಲ್ಲದೆ ನಿಂತವರ ಪಾಡು ಅವುಗಳದ್ದು.

"ದೊಡ್ಡ ಫಿಲ್ಟರ್ ಹಾಕಿದ್ರೆ ಮುಗೀತಲ್ಲ?" ಅಂತ ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ. ಆಫ್ರಿಕಾದ ಸಿಕ್ಲಿಡ್ ಮೀನು ಸಾಕೋರು ಬೇಕಂತಲೇ ಒತ್ತಾಗಿ ಇಡ್ತಾರೆ, ಒಂದೇ ಮೀನಿನ ಮೇಲೆ ಉಳಿದವು ಬೀಳದಿರಲಿ ಅಂತ. ಅದಕ್ಕೆ ತಕ್ಕ ಫಿಲ್ಟರ್ ಹಾಕಿ, ನೀರು ಬದಲಿಸ್ತಾ ಇರ್ತಾರೆ. ಅದು ನಿಜ, ಯಂತ್ರ ಹೆಚ್ಚಿದರೆ ಜಾಗ ಹೆಚ್ಚುತ್ತೆ. ಆದರೆ ಆ ಹೆಚ್ಚಿನ ಜಾಗ ಯಂತ್ರ ಓಡುತ್ತಿರೋ ತನಕ ಮಾತ್ರ. ನನ್ನ 26 ಮೀನೂ ಸುಮಾರು ಒಂದು ವರ್ಷ ಚೆನ್ನಾಗೇ ಇದ್ದವು. ಕರೆಂಟ್ ಇದ್ದ ದಿನ, ನಾನು ಮನೆಯಲ್ಲಿದ್ದ ದಿನ, ಚಳಿಗಾಲದ ದಿನ ಅವು ಬದುಕಿದ್ದನ್ನು ನೋಡಿ, ಟ್ಯಾಂಕಿಗೆ ಇಷ್ಟು ತಾಕತ್ತಿದೆ ಅಂದುಕೊಂಡೆ. ಟ್ಯಾಂಕಿನ ತಾಕತ್ತು ಅಳೆಯಬೇಕಾದದ್ದು ಅದರ ಒಳ್ಳೆಯ ದಿನದಲ್ಲಲ್ಲ, ಅತಿ ಕೆಟ್ಟ ಗಂಟೆಯಲ್ಲಿ.

ನಮ್ಮ ಊರ ಕಡೆ ಟಂಟಂನಲ್ಲಿ ಹದಿನೈದು ಜನ ಕೂತು ಹೋಗೋದು ನೋಡಿರ್ತೀರಿ. ನೂರು ಸಲ ಸುರಕ್ಷಿತವಾಗಿ ಊರು ಸೇರುತ್ತೆ. ನೂರಾ ಒಂದನೇ ಸಲ ಗುಂಡಿಗೆ ಬಿದ್ದು ಪಲ್ಟಿ ಹೊಡೆದರೆ, ನಾವು ಗುಂಡಿಯಿಂದ ಆಯ್ತು ಅಂತೀವಿ. ಗುಂಡಿ ಇದ್ದದ್ದು ಹೌದು. ಆದರೆ ನಮ್ಮ ರಸ್ತೆಯಲ್ಲಿ ಗುಂಡಿ ಇರುತ್ತೆ ಅನ್ನೋದು ಯಾರಿಗೆ ಗೊತ್ತಿರಲಿಲ್ಲ? ಮೇ ತಿಂಗಳಲ್ಲಿ ಗಾಳಿ-ಮಳೆಗೆ ಕರೆಂಟ್ ಹೋಗೋದು ನನಗೆ ಹೊಸ ಸುದ್ದಿಯಾ? ಬರುತ್ತೆ ಅಂತ ಗೊತ್ತಿದ್ದ ಕಷ್ಟವನ್ನು ಲೆಕ್ಕದಿಂದ ಬಿಟ್ಟು, ಬಂದ ಮೇಲೆ ಅದರ ಮೇಲೇ ತಪ್ಪು ಹೊರಿಸೋದು ಬಹಳ ಸುಲಭ. ಇಎಂಐ ತಗೊಳ್ಳುವಾಗ ನಾವು ಮಾಡೋ ಲೆಕ್ಕವೂ ಇದೇ ಅಲ್ವಾ? ಬೋನಸ್ ಬಂದ ತಿಂಗಳನ್ನು ನೋಡಿ ಕಂತು ಕಟ್ಟಿಕೊಳ್ಳೋದು, ಕೆಲಸ ಹೋದ ತಿಂಗಳು ಕಂಪನಿಗೆ ಬೈಯೋದು. ಒಂದು ವ್ಯತ್ಯಾಸ ಇದೆ. ನನ್ನ ಕಂತಿನ ಕಷ್ಟ ನನ್ನ ತಲೆ ಮೇಲೆ ಬರುತ್ತೆ. ಟ್ಯಾಂಕಲ್ಲಿ ಲೆಕ್ಕ ತಪ್ಪಿದವನು ನಾನು, ಉಸಿರು ಕಟ್ಟಿದ್ದು ಅವಕ್ಕೆ.

ಬದುಕಿದ ಒಂಬತ್ತರ ಕತೆಯನ್ನೂ ಹೇಳಬೇಕು. ಎರಡು ಗೌರಾಮಿ, ಐದು ಗಪ್ಪಿ, ಒಂದು ಮೋಲಿ ಮತ್ತೆ ಆ ಸಕ್ಕರ್ ಮೀನು. ಗೌರಾಮಿಗೆ ನೀರಿನ ಮೇಲೆ ಬಂದು ಗಾಳಿ ನುಂಗಿ ಉಸಿರಾಡೋ ಅಂಗ ಇದೆ. ಸಕ್ಕರ್ ಕೂಡ ಗಾಳಿ ನುಂಗಿ ಹೊಟ್ಟೆಯಿಂದಲೇ ಉಸಿರಾಡಬಲ್ಲದು. ಗಪ್ಪಿ, ಮೋಲಿಗಳು ನೀರಿನ ಮೇಲ್ಪದರಕ್ಕೆ ಬಾಯಿ ಹಚ್ಚಿ ಹೇಗೋ ದಿನ ದೂಡುತ್ತವೆ. ಅಂದರೆ ನಾನು ಉಳಿಸಿದ್ದು ಯಾವುದನ್ನೂ ಅಲ್ಲ.

ಈಗ ಆ ಸಕ್ಕರ್ ಮೀನನ್ನು ಏನು ಮಾಡೋದು? ದೇವದುರ್ಗದ ತಮ್ಮನಿಗೆ ಫೋನಲ್ಲಿ ಹೇಳಿದಾಗ ಅವನು, "ಮುಂದಿನ ಸಲ ಬರುವಾಗ ತಗೊಂಡ್ ಬಾ ಅಣ್ಣ, ಹೂವಿನಹೆಡಗಿ ಬ್ರಿಜ್ ಹತ್ರ ಕೃಷ್ಣಾಕ್ಕ ಬಿಟ್ಟು ಬರೋಣು. ಆರಾಮ ಇರ್ತದ, ಪುಣ್ಯನೂ ಬರ್ತದ" ಅಂದ. ಕೇಳಲಿಕ್ಕೆ ಎಷ್ಟು ಚೆಂದ! ಮೀನಿಗೆ ನದಿ, ನನಗೆ ಪುಣ್ಯ. ಆದರೆ ಅದು ದಕ್ಷಿಣ ಅಮೆರಿಕದ ಮೀನು. ಹೀಗೇ ಯಾರೋ ಪುಣ್ಯಾತ್ಮರು ಬಿಟ್ಟವು, ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡವು, ಈಗ ದಕ್ಷಿಣ ಭಾರತದ ಎಷ್ಟೋ ಕೆರೆ-ನದಿಗಳಲ್ಲಿ ಸೇರಿಕೊಂಡಿವೆ. ಕೃಷ್ಣೆ ಮುಂದೆ ಹರಿದು ಹೋಗೋ ತೆಲುಗು ಸೀಮೆಯಲ್ಲಿ ಮೀನುಗಾರರು ಇದಕ್ಕೆ ಇಟ್ಟ ಹೆಸರು ದೆಯ್ಯಂ ಚೇಪ, ಅಂದರೆ ದೆವ್ವದ ಮೀನು. ಅದರ ಗಟ್ಟಿ ಮೈ, ಮುಳ್ಳಿಗೆ ಬಲೆ ಹರಿಯುತ್ತೆ. ದಡದಲ್ಲಿ ಬಿಲ ತೋಡುತ್ತೆ. ಇದನ್ನು ಕೊಳ್ಳೋರಿಲ್ಲ. ನನ್ನ ಹಾಲಿನಲ್ಲಿ ಹೆಚ್ಚಾದ ಒಂದು ಮೀನನ್ನು ನದಿಗೆ ಬಿಟ್ಟರೆ ಸಮಸ್ಯೆ ಮುಗಿಯೋಲ್ಲ, ನನ್ನ ಕಣ್ಣಿಂದ ದೂರ ಹೋಗುತ್ತೆ, ಅಷ್ಟೇ. ಕೆಳಗೆ ಬಲೆ ಹಾಕೋನ ತಲೆ ಮೇಲೆ ಹೋಗಿ ಕೂಡುತ್ತೆ.

ಕೊನೆಗೆ ಅದನ್ನು ತಗೊಂಡದ್ದು ಮಾನ್ವಿಯ ಗೆಳೆಯ. ಅವನ ಹೊಲದ ಮನೆ ಹತ್ತಿರ ಎಂಟಡಿ ಉದ್ದ, ಐದಡಿ ಅಗಲ, ನಾಲ್ಕಡಿ ಆಳದ ಸಿಮೆಂಟ್ ತೊಟ್ಟಿ ಇದೆ. ಸುಮಾರು 4,500 ಲೀಟರ್, ನನ್ನ ಟ್ಯಾಂಕಿನ ನೂರು ಪಟ್ಟು. ಹೊರಗೆ ಹೋಗೋ ಪೈಪಿಗೆ ಜಾಳಿಗೆ ಕಟ್ಟಿ ಮೀನು ಬಿಟ್ವಿ. ಚಹಾ ಕುಡೀತಾ ನನ್ನ 26ರ ಕತೆ ಹೇಳಿದೆ. ಅವನು ನಕ್ಕು, "ನಮ್ಮ ಕಾಲುವೀದೂ ಇದೇ ಕತಿ ನೋಡಪಾ" ಅಂದ.

ಅವನದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ಹೊಲ. ಹೊಸಪೇಟೆ ಹತ್ತಿರದ ಅಣೆಕಟ್ಟಿನಿಂದ ಹೊರಟು 200 ಕಿಲೋಮೀಟರಿಗೂ ಹೆಚ್ಚು ಉದ್ದ ಹರಿಯೋ ಕಾಲುವೆ ಅದು. ಯೋಜನೆ ಮಾಡಿದವರು ಬಹುಪಾಲು ಭೂಮಿಗೆ ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆ ಅಂತ ಲೆಕ್ಕ ಹಾಕಿದ್ದರು. ಮೇಲಿನವರು ಭತ್ತ ಹಾಕಿದರು. ಒಬ್ಬ ಒಂದೆಕರೆ ಹೆಚ್ಚು ಹಾಕಿದರೆ ಏನಾತು? ಏನೂ ಆಗೋಲ್ಲ. ಹಾಗೆ ಎಲ್ಲರೂ ಅಂದುಕೊಂಡಾಗ ಮಾನ್ವಿ, ರಾಯಚೂರು ಕಡೆಯ ಕೊನೇ ಹೊಲಕ್ಕೆ ನೀರು ಮುಟ್ಟೋದಿಲ್ಲ. ಅತ್ತ ಅಣೆಕಟ್ಟಿನ ಹೊಟ್ಟೆಯೂ ಹೂಳಿನಿಂದ ಚಿಕ್ಕದಾಗಿದೆ, ಮೊದಲು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ ಸುಮಾರು 105. ಒಳ್ಳೆ ಮಳೆ ಆದ ವರ್ಷ ಇದು ಯಾವುದೂ ಗೊತ್ತಾಗಲ್ಲ. ಮಳೆ ಕಡಿಮೆ ಆದ ವರ್ಷ ಎಲ್ಲರೂ "ಮಳಿ ಆಗ್ಲಿಲ್ಲ" ಅಂತಾರೆ, ನಾನು ಮಗಳಿಗೆ "ಕರೆಂಟ್ ಹೋಗಿತ್ತು" ಅಂದಂಗೆ.

"ಮ್ಯಾಲಿನವರು ಕೆಟ್ಟವರಲ್ಲಪಾ. ನಾ ಅಲ್ಲಿದ್ರ ನಾನೂ ಭತ್ತನೇ ಹಾಕ್ತಿದ್ದೆ. ಅವ್ರಿಗೆ ನಾ ಕಾಣಂಗಿಲ್ಲ, ಅಷ್ಟೇ" ಅಂದ ಗೆಳೆಯ. ಅವತ್ತು ರಾತ್ರಿ ರಾಯಚೂರಿಗೆ ಬರುವಾಗ ಬಸ್ಸಲ್ಲಿ ಆ ಮಾತೇ ತಲೆಯಲ್ಲಿತ್ತು. ನನಗೆ ಮೀನು ಕಾಣುತ್ತಿದ್ದವು. ದಿನಾ ಕೂತು ನೋಡುತ್ತಿದ್ದೆ. ನೋಡಲಿಕ್ಕೇ ತಂದದ್ದು.

"ಸಾಕು" ಅನ್ನೋ ವಿಷಯದಲ್ಲಿ ನಮ್ಮ ಜಿಲ್ಲೆ ಹೊರಗಿನಿಂದ ಪಾಠ ಕಲಿಯಬೇಕಾಗಿಲ್ಲ. 12ನೇ ಶತಮಾನದ ಆಯ್ದಕ್ಕಿ ಲಕ್ಕಮ್ಮ, ಮಾರಯ್ಯ ದಂಪತಿ ಲಿಂಗಸುಗೂರು ತಾಲೂಕಿನ ಅಮರೇಶ್ವರದವರು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುತ್ತಿದ್ದವರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಇದ್ದಲ್ಲೇ ಸುರಿದು ಬಾ ಅಂತ ಲಕ್ಕಮ್ಮ ವಾಪಸ್ ಕಳಿಸಿದಳು ಅನ್ನೋ ಕತೆ ಇಲ್ಲಿ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಕೇಳಿದಾಗ ಅದು ದುರಾಸೆ ಬೇಡ ಅನ್ನೋ ನೀತಿಪಾಠ ಅನ್ನಿಸಿತ್ತು. ಈಗ ನನ್ನ ಕಣ್ಣಿಗೆ ಬೀಳೋದು ಬೇರೆ. ಮಾರಯ್ಯ ತಂದದ್ದು ಕದ್ದದ್ದಲ್ಲ, ಒಂದು ಹಿಡಿ ಹೆಚ್ಚು ಅಷ್ಟೇ. ಅವನೂ ಮನಸ್ಸಲ್ಲಿ, ಒಂದು ಹಿಡಿ ಹೆಚ್ಚಾದ್ರ ಏನಾತು ಅಂದುಕೊಂಡಿರಬೇಕು. ಲಕ್ಕಮ್ಮ ಒಂದು ಹಿಡಿಯನ್ನು ನೋಡಲಿಲ್ಲ, ನಾಳೆಯನ್ನು ನೋಡಿದಳು.

ಇಷ್ಟೆಲ್ಲ ಹೇಳೋನು ಮೀನು ಸಾಕೋದನ್ನೇ ಬಿಡಬಹುದಲ್ಲ ಅಂತ ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಅಂಗಡಿಯ ಇಕ್ಕಟ್ಟಿನಿಂದ ಬಿಡಿಸಿಕೊಂಡು ಬಂದೆ ಅನ್ನೋ ಸಮಾಧಾನ ನಿಲ್ಲೋದಿಲ್ಲ, ನಾನು ಖಾಲಿ ಮಾಡಿದ ಜಾಗಕ್ಕೆ ನಾಳೆ ಇನ್ನೊಂದು ಬರುತ್ತೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆಯುವ 1960ರ ಕಾಯ್ದೆಯಲ್ಲಿ ಪ್ರಾಣಿ ಅಂದರೆ ಮನುಷ್ಯನನ್ನು ಬಿಟ್ಟು ಉಳಿದ ಎಲ್ಲ ಜೀವಿ, ಮೀನೂ ಸೇರಿ. ಆದರೆ 45 ಲೀಟರಲ್ಲಿ 26 ಇಟ್ಟವನನ್ನು ಕೇಳಲಿಕ್ಕೆ ಯಾರೂ ಮನೆಗೆ ಬರೋಲ್ಲ. ಕೇಳಬೇಕಾದವನು ನಾನೇ. ಬದುಕಿದ ಎಂಟು ಮೀನು ನನ್ನ ಕೈಯಲ್ಲಿವೆ, ಅವನ್ನು ಎಲ್ಲಿಗೂ ಬಿಡೋ ಹಾಗಿಲ್ಲ. ಸಾಕೋದು ಸರಿಯೋ ತಪ್ಪೋ ಅನ್ನೋದು ತೀರ್ಮಾನ ಆಗೋ ತನಕ ಅವು ಉಸಿರು ಹಿಡಿದು ಕಾಯಲಾರವು.

ಕೆಲವು ವಾರ ಆದ ಮೇಲೆ ಮಗಳಿಗೆ ನಿಜ ಹೇಳಿದೆ. ಕರೆಂಟ್ ಹೋದದ್ದು ಹೌದು, ಆದರೆ ಅಷ್ಟು ಮೀನು ತಂದದ್ದು ನಾನು, ಪಂಪನ್ನು ಇನ್ವರ್ಟರ್‌ಗೆ ಹಾಕದೆ ಹೋದದ್ದೂ ನಾನು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ನೀನೇ ಸಾಯಿಸ್ದಿ ಏನು?" ಅಂದಳು. ನಾನು "ಹೂಂ" ಅಂದೆ. "ನಾನೂ ಕೇಳಿದ್ನಲ್ಲ, ಇನ್ನೊಂದು ತಗೋ ಅಂತ" ಅಂದಳು. "ನೀನು ಕೇಳಬಹುದವ್ವ. ಬೇಡ ಅನ್ನಬೇಕಾದವನು ನಾನು" ಅಂದೆ. ಇನ್ನೇನು ಹೇಳಬೇಕೋ ತಿಳೀಲಿಲ್ಲ. ಇಬ್ಬರೂ ಸೇರಿ ಕಾಲುಭಾಗ ನೀರು ಬದಲಿಸಿದ್ವಿ.

ಈಗ ಟ್ಯಾಂಕಲ್ಲಿ ಅವೇ ಎಂಟು ಮೀನು. ಬದುಕಿದ ಗಪ್ಪಿಗಳೆಲ್ಲ ಗಂಡೇ ಆದದ್ದರಿಂದ ಸಂಸಾರ ಬೆಳೆಯೋ ಚಿಂತೆಯೂ ಇಲ್ಲ. ಪಂಪ್ ಇನ್ವರ್ಟರ್ ಮೇಲಿದೆ. ಮೊನ್ನೆ ಮನೆಗೆ ಬಂದ ಆಫೀಸಿನ ಗೆಳೆಯರೊಬ್ಬರು ಗಾಜಿಗೆ ಕೈ ಹಚ್ಚಿ, "ಏನ್ರಿ ಇದು, ಇಷ್ಟು ದೊಡ್ಡ ಟ್ಯಾಂಕಿಗೆ ಇಷ್ಟೇ ಮೀನಾ? ಅರ್ಧ ಖಾಲಿ ಅದಲ್ಲ" ಅಂದರು. ನಾನು ಬಾಯಿ ತೆಗೆಯೋದರೊಳಗೆ ಹೋಂವರ್ಕ್ ಮಾಡುತ್ತಿದ್ದ ಮಗಳು ತಲೆ ಎತ್ತದೆ ಹೇಳಿದಳು:

"ಕರೆಂಟ್ ಹೋದ್ರ ಬೇಕಲ್ರಿ ಅಂಕಲ್."